ಅಪ್ಪನ 1975ರ ಪದ್ಮಿನಿಯ ಎಂಜಿನ್ ತೆಗೆಸಿ ಬ್ಯಾಟರಿ ಹಾಕಿಸುವುದು ಲೆಕ್ಕಕ್ಕೆ ಕೂಡುತ್ತದೆಯೇ?

ನಾಪೋಕ್ಲು ತೋಟದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1975ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅಂದಿನ ದಿನಗಳಲ್ಲಿ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ತಂದೆಯವರು ಹಾಗೆ ಕಾದು ತಂದ ಗಾಡಿ ಇದು. ನಂಬರ್ ಫಲಕದಲ್ಲಿ ಇಂದಿಗೂ ಎಂ.ವೈ. ಎಂದು ಆರಂಭವಾಗುವ ಹಳೆಯ ಸಂಖ್ಯೆಯೇ ಇದೆ. ಹೊರಮೈಗೆ ಎರಡು ಸಲ ಬಣ್ಣ ಹೊಡೆಸಿದ್ದೇವೆ, ಎಂಜಿನ್ ಒಮ್ಮೆ ಬಿಚ್ಚಿದ್ದೇವೆ, ಉಳಿದಂತೆ ಸ್ಟೀರಿಂಗ್ ಪಕ್ಕದ ಗೇರಿನ ಹಿಡಿಯಿಂದ ಹಿಡಿದು ಚೋಕಿನ ಗುಬ್ಬಿಯವರೆಗೆ ಎಲ್ಲವೂ ಕಂಪನಿಯಿಂದ ಬಂದಂತೆಯೇ ಉಳಿದಿದೆ.

ಕಳೆದ ಎರಡು ವರ್ಷಗಳಿಂದ ತೊಂದರೆ ಹೆಚ್ಚಾಗಿದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮೂರು ಸಲ ಹರಿಯಿತು. ರಬ್ಬರ್ ಪೈಪುಗಳು ಬೆರಳಲ್ಲಿ ಒತ್ತಿದರೆ ನೆನೆದ ಅಪ್ಪಳದಂತೆ ಮೆತ್ತಗಾಗಿವೆ. ಕಾರಿನೊಳಗೆ ಪೆಟ್ರೋಲಿನ ವಾಸನೆ ಎಷ್ಟೆಂದರೆ ನನ್ನ ಹೆಂಡತಿ ಅದರಲ್ಲಿ ಕೂರುವುದನ್ನೇ ಬಿಟ್ಟಿದ್ದಾಳೆ. ಬೆಂಗಳೂರಿನಲ್ಲಿರುವ ಮಗ, ಎಂಜಿನ್ ತೆಗೆಸಿ ವಿದ್ಯುತ್ ಮೋಟಾರ್ ಕೂರಿಸೋಣ ಎಂದು ಒಂದೇ ಹಟ ಹಿಡಿದು ಎರಡು ಕೊಟೇಶನ್ ತರಿಸಿದ್ದಾನೆ. ಮೊದಲನೆಯದು 7.8 ಲಕ್ಷ ರೂಪಾಯಿ: 15 ಕಿಲೋವಾಟ್ ಅವರ್ (ಅಂದರೆ 15 ಯೂನಿಟ್) ಬ್ಯಾಟರಿಗೆ 3.1 ಲಕ್ಷ, ಮೋಟಾರ್ ಮತ್ತು ಅದನ್ನು ನಿಯಂತ್ರಿಸುವ ಕಂಟ್ರೋಲರಿಗೆ 2.1 ಲಕ್ಷ, ಚಾರ್ಜರ್, ವೈರಿಂಗ್ ಇತ್ಯಾದಿಗೆ 1.1 ಲಕ್ಷ, ಉಳಿದ 1.5 ಲಕ್ಷ ಕೆಲಸದ ಕೂಲಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ತೆರಿಗೆ ಬೇರೆ’ ಎಂದಿದೆ. ಎರಡನೆಯವರು ನಾಲ್ಕು ಲಕ್ಷಕ್ಕೆ ಮಾಡಿಕೊಡುತ್ತೇವೆ, ಕಾಗದಪತ್ರದ ತಲೆಬಿಸಿ ನಿಮಗೆ ಬೇಡ ಎನ್ನುತ್ತಾರೆ.

ನಮ್ಮ ಓಡಾಟ ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮೀರುವುದಿಲ್ಲ. ವಾರಕ್ಕೊಮ್ಮೆ ಮಡಿಕೇರಿ, ಆಗಾಗ ವಿರಾಜಪೇಟೆ, ಮದುವೆ ಮುಂಜಿ, ವರ್ಷಕ್ಕೆ ಒಂದೆರಡು ಸಲ ಸಂಪಾಜೆ ಘಾಟಿ ಇಳಿದು ಪುತ್ತೂರಿನ ನೆಂಟರ ಮನೆ. ನಮ್ಮ ಮನೆ ಮುಖ್ಯ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಮಣ್ಣುದಾರಿ ಏರಿದ ಮೇಲೆ ಸಿಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಈ ಖರ್ಚು ಸರಿಯೇ, ಕಾನೂನು ಏನು ಹೇಳುತ್ತದೆ, ಘಾಟಿಯಲ್ಲಿ ಹೇಗೆ, ಕಳೆದುಕೊಳ್ಳುವುದೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಇಎಂಇ (ಸೇನೆಯ ಯಂತ್ರ ದುರಸ್ತಿ ವಿಭಾಗ), ಪೊನ್ನಂಪೇಟೆ

ಮೊದಲು ಆ ಎರಡನೆಯ ಕೊಟೇಶನ್ ಒಲೆಗೆ ಹಾಕಿ, ಆಮೇಲೆ ಮಾತಾಡೋಣ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. ನಿಯಮದಂತೆ ಒಪ್ಪಿಗೆ ಪಡೆದ ಕಿಟ್ ಹಾಕಿಸಿಕೊಳ್ಳಲು ಮಾತ್ರ ಅವಕಾಶವಿದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಹಾಗಲ್ಲದೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿಯೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ದಂಡವನ್ನು ಕಟ್ಟಿಬಿಡಬಹುದು. ಆದರೆ ಆರ್‌ಸಿಯಲ್ಲಿ ‘ಪೆಟ್ರೋಲ್’ ಎಂದಿರುವ ಗಾಡಿ ಬ್ಯಾಟರಿಯಲ್ಲಿ ಓಡುವಾಗ ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಬಹುದು, ಆಗ ಎದುರಿನವನ ಆಸ್ಪತ್ರೆ ಖರ್ಚು ನಿಮ್ಮ ತೋಟದ ಮೇಲೆ ಬರಬಹುದು.

ಒಪ್ಪಿಗೆ ಪಡೆದ ಕಿಟ್ ಎಂದರೇನು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪೆಟ್ರೋಲ್, ಡೀಸೆಲ್ ಗಾಡಿಯನ್ನು ವಿದ್ಯುತ್ತಿಗೆ ಬದಲಿಸುವ ಕಿಟ್‌ಗಳಿಗೆ ಎಐಎಸ್-123 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮೊದಲಾದ ಸಂಸ್ಥೆಗಳು ಅದರಂತೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಆ ಪ್ರಮಾಣಪತ್ರ ಯಾವ ತಯಾರಕರ ಯಾವ ಮಾದರಿಗೆಂದು ನಮೂದಾಗಿರುತ್ತದೋ ಆ ಮಾದರಿಗೆ ಮಾತ್ರ ಅನ್ವಯ. ಇಂದು ರಸ್ತೆಯಲ್ಲಿ ಲಕ್ಷಗಟ್ಟಲೆ ಓಡುವ ಸಣ್ಣ ಕಾರಿಗೆ ಒಪ್ಪಿಗೆ ಪಡೆದ ಕಿಟ್ಟನ್ನು ತಂದು ಪದ್ಮಿನಿಯೊಳಗೆ ಕೂರಿಸಿದರೆ ಆ ಕಾಗದಕ್ಕೆ ಬೆಲೆಯಿಲ್ಲ. 7.8 ಲಕ್ಷ ಕೇಳಿದವರನ್ನು ಒಂದೇ ಪ್ರಶ್ನೆ ಕೇಳಿ: ‘ಪದ್ಮಿನಿಯ ಹೆಸರಿರುವ ಪ್ರಮಾಣಪತ್ರದ ಪ್ರತಿ ತೋರಿಸುತ್ತೀರಾ?’ ತೋರಿಸಿದರೆ, ಕಿಟ್ ತಯಾರಕರಿಂದ ಅಧಿಕಾರ ಪಡೆದವರೇ ಅದನ್ನು ಕೂರಿಸಬೇಕು, ನಂತರ ಗಾಡಿಯನ್ನು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಆರ್‌ಸಿಯಲ್ಲಿ ಇಂಧನದ ವಿವರ ಬದಲಿಸಿಕೊಳ್ಳಬೇಕು. ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ಉತ್ಪಾದನೆ ನಿಂತು ಎರಡು ದಶಕವೇ ಕಳೆದ ಕಾರಿಗೆ ಪರೀಕ್ಷೆಯ ಖರ್ಚು ಹಾಕಿ ಒಪ್ಪಿಗೆ ತರುವ ಉತ್ಸಾಹ ಎಷ್ಟು ಮಂದಿಗೆ ಇದ್ದೀತು ಎಂದು ನೀವೇ ಯೋಚಿಸಿ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿಯೇ ಇರುವ ಗಾಡಿಗೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂಥ ಕೆಲಸಗಳ ಹೊರತು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಆದ್ದರಿಂದ ಮಡಿಕೇರಿ ಸಂತೆಗೆ ಹೋಗುವ ನಿಮಗೆ ಈಗ ಅದು ಬೇಡದಿರಬಹುದು. ಆದರೂ ನಿಮ್ಮ ಗಾಡಿ ಸರಿಯಾಗಿ ಆ ಹೊಸ್ತಿಲಿಗೆ ಬಂದಿರುವ ಹೊತ್ತಿನಲ್ಲಿ ಎಂಜಿನ್ ಕಿತ್ತರೆ ಆ ಬಾಗಿಲು ಮುಚ್ಚಿತೆಂದೇ ಅರ್ಥ. ಬ್ಯಾಟರಿ ಗಾಡಿಗೆ ಆರ್‌ಸಿ ನವೀಕರಣದ ಶುಲ್ಕವಿಲ್ಲ ಎಂಬುದು ನಿಜ, 2021ರ ಆಗಸ್ಟಿನಿಂದ ಆ ವಿನಾಯಿತಿ ಇದೆ. ಐದು ವರ್ಷಕ್ಕೊಮ್ಮೆ ಉಳಿಯುವ ಕೆಲವು ಸಾವಿರಕ್ಕೆ ಎಂಟು ಲಕ್ಷ ಸುರಿಯುವುದು ನನಗೆ ಅರ್ಥವಾಗುವುದಿಲ್ಲ.

2023ರಲ್ಲಿ ಸೇನೆಯವರೇ ಐಐಟಿ ದೆಹಲಿಯ ನೆರವಿನಿಂದ ಹಳೆಯ ಜಿಪ್ಸಿಯೊಂದನ್ನು ವಿದ್ಯುತ್ತಿಗೆ ಬದಲಿಸಿ ತೋರಿಸಿದ್ದನ್ನು ಮುಂದಿಟ್ಟು ನಿಮ್ಮ ಮಗ ವಾದಿಸಬಹುದು. ಸೇನೆಯ ಗಾಡಿಗಳ ನೋಂದಣಿ ಸೇನೆಯದೇ, ಆರ್‌ಟಿಒ ಕಚೇರಿಯ ಸರದಿಯಲ್ಲಿ ಅವು ನಿಲ್ಲುವುದಿಲ್ಲ ಎಂದು ಹೇಳಿ.

ಪಾಲಿಟೆಕ್ನಿಕ್ ಮೇಷ್ಟ್ರು, ಕುಶಾಲನಗರ

ಸಾಹೇಬರು ಕಾನೂನು ಹೇಳಿದ್ದಾರೆ, ನಾನು ಲೆಕ್ಕ ಹೇಳುತ್ತೇನೆ. ಮೂವತ್ತು ವರ್ಷ ವಿದ್ಯುತ್ ಯಂತ್ರಗಳ ಪಾಠ ಮಾಡಿದವನು, ವಿದ್ಯುತ್ ಮೋಟಾರಿನ ಮೇಲೆ ನನಗೆ ಪ್ರೀತಿಯೇ ಹೆಚ್ಚು; ಅದನ್ನು ಮೊದಲೇ ಹೇಳಿಬಿಡುತ್ತೇನೆ.

‘ತೆರಿಗೆ ಬೇರೆ’ ಎಂಬ ಎರಡು ಪದಗಳಿಂದ ಆರಂಭಿಸೋಣ. ಹೊಸ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ, ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ 18. ಇಡೀ ಕೊಟೇಶನ್ನಿಗೆ ಶೇ 18 ಹಿಡಿದರೆ 7.8 ಲಕ್ಷ 9.2 ಲಕ್ಷವಾಗುತ್ತದೆ. ಈಗ ಉಳಿತಾಯ. ನಮ್ಮ ಏರುತಗ್ಗಿನಲ್ಲಿ ಪದ್ಮಿನಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡುತ್ತದೆಂದು ಹಿಡಿಯಿರಿ. ಮೂರು ಸಾವಿರ ಕಿಲೋಮೀಟರಿಗೆ 250 ಲೀಟರ್, ಲೀಟರಿಗೆ 103 ರೂಪಾಯಿಯಂತೆ ಸುಮಾರು 25,750 ರೂಪಾಯಿ. ಅದೇ ದೂರಕ್ಕೆ ಬ್ಯಾಟರಿ ಗಾಡಿ, ಚಾರ್ಜರಿನಲ್ಲಿ ಸೋರುವುದನ್ನೂ ಸೇರಿಸಿ, ಸುಮಾರು 500 ಯೂನಿಟ್ ಕುಡಿಯುತ್ತದೆ. ಮನೆಯ ಮೀಟರಿನಲ್ಲಿ ತೆರಿಗೆ, ಸರ್ಚಾರ್ಜು ಸೇರಿ ಯೂನಿಟ್ಟಿಗೆ ಏಳು ರೂಪಾಯಿ ಎಂದರೂ 3,500. ಆಯಿಲ್, ಪ್ಲಗ್, ಪಾಯಿಂಟ್, ಟ್ಯೂನಿಂಗ್ ಎಂದು ವರ್ಷಕ್ಕೆ ಎಂಟು ಸಾವಿರ ಉಳಿಯಿತೆಂದು ಧಾರಾಳವಾಗಿಯೇ ಸೇರಿಸಿದರೂ ವಾರ್ಷಿಕ ಉಳಿತಾಯ ಮೂವತ್ತು ಸಾವಿರದ ಆಸುಪಾಸು. ಹಾಕಿದ ಹಣ ವಾಪಸು ಬರಲು ಮೂವತ್ತು ವರ್ಷ ಬೇಕು, ಅದೂ ಬಡ್ಡಿಯನ್ನು ಮರೆತರೆ. ಇಂಥ ಬ್ಯಾಟರಿಗಳಲ್ಲಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಎರಡು ಮೂರು ಸಾವಿರ ಸಲ ಚಾರ್ಜಾಗಬಲ್ಲವು, ನೀವು ವರ್ಷಕ್ಕೆ ತುಂಬಿಸುವುದು ಮೂವತ್ತು ನಲವತ್ತು ಸಲ; ಆ ಲೆಕ್ಕದಲ್ಲಿ ಮೊಮ್ಮಗನ ಕಾಲಕ್ಕೂ ಬ್ಯಾಟರಿ ಬರಬೇಕು. ಆದರೆ ಸೆಲ್‌ಗಳು ಬಳಸದೆ ಇಟ್ಟರೂ ಮುದಿಯಾಗುತ್ತವೆ, ಮೂವತ್ತು ವರ್ಷ ಬಾಳುತ್ತವೆಂದು ನಂಬಿ ಕೂರಬೇಡಿ.

ಪರಿಸರದ ಮಾತನ್ನೂ ನಿಮ್ಮ ಮಗ ಎತ್ತಿಯೇ ಎತ್ತುತ್ತಾನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, 250 ಲೀಟರಿಗೆ 575 ಕೆ.ಜಿ. ನಮ್ಮ ದೇಶದ ಗ್ರಿಡ್‌ನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದಿರುವುದರಿಂದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕೆ.ಜಿ. ಇರುತ್ತದೆ, 500 ಯೂನಿಟ್ಟಿಗೆ 350 ಕೆ.ಜಿ. ವರ್ಷಕ್ಕೆ ಉಳಿಯುವುದು 225 ಕೆ.ಜಿ. ಅಷ್ಟೇ, ಹೊಸ ಬ್ಯಾಟರಿ ತಯಾರಾಗುವಾಗ ಹೊಮ್ಮಿದ ಹೊಗೆಯನ್ನು ಅದರಿಂದ ಇನ್ನೂ ಕಳೆಯಬೇಕು. ಚಾವಣಿಯ ಮೇಲೆ ಸೋಲಾರ್ ಹಾಕಿಸಿದ್ದರೆ ಈ ಲೆಕ್ಕ ಬದಲಾಗುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಪೋಕ್ಲಿನಲ್ಲಿ ಬಿಸಿಲನ್ನು ಹುಡುಕಿ ತರುವವರು ಯಾರು?

ಇನ್ನು ಘಾಟಿ. ಇದೇ ನನಗೆ ಇಷ್ಟವಾದ ಭಾಗ. ಸಂಪಾಜೆಯಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನೊಳಗೆ ಸುಮಾರು ಒಂದು ಸಾವಿರ ಮೀಟರ್ ಏರಬೇಕು. ಜನ ಸೇರಿ 1,200 ಕೆ.ಜಿ. ತೂಗುವ ಗಾಡಿಯನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ 3.3 ಯೂನಿಟ್ ಬೇಕು, ಮೋಟಾರ್, ಗೇರುಗಳಲ್ಲಿ ಪೋಲಾಗುವುದನ್ನು ಸೇರಿಸಿದರೆ ನಾಲ್ಕರ ಹತ್ತಿರ. ಸಮತಟ್ಟಿನಲ್ಲಿ ಓಡಿದ್ದರೂ ಆ ದೂರಕ್ಕೆ ಇನ್ನೊಂದು ನಾಲ್ಕು ಯೂನಿಟ್ ಬೇಕಿತ್ತು. ಅಂದರೆ ನಿಮ್ಮ 15 ಯೂನಿಟ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಒಂದು ಘಾಟಿಯಲ್ಲೇ ಮುಗಿಯಿತು. ಕಿಟ್ ಮಾರುವವರು ‘ನೂರು ಕಿಲೋಮೀಟರ್ ಓಡುತ್ತದೆ’ ಎನ್ನುವುದು ಮಂಡ್ಯದ ರಸ್ತೆಯ ಮಾತು. ಪುತ್ತೂರಿನಿಂದ ಮರಳುವಾಗ ಅಲ್ಲಿಯೇ ಪೂರ್ತಿ ತುಂಬಿಸಿಕೊಂಡು ಹೊರಡಬೇಕು, ಅಗ್ಗದ ಕಿಟ್‌ಗಳಲ್ಲಿ ವೇಗದ ಚಾರ್ಜಿಂಗ್ ಇರುವುದಿಲ್ಲ, 3.3 ಕಿಲೋವಾಟ್ ಚಾರ್ಜರಿನಲ್ಲಿ ನಾಲ್ಕೈದು ಗಂಟೆ. ನೆಂಟರ ಮನೆಯಲ್ಲಿ ಊಟ ಮುಗಿಸಿ ಒಂದು ನಿದ್ದೆ ತೆಗೆಯಲು ನಿಮಗೆ ಅಭ್ಯಂತರವಿಲ್ಲದಿದ್ದರೆ ಸರಿ.

ಏರುವುದಕ್ಕಿಂತ ಇಳಿಯುವ ವಿಷಯ ಗಂಭೀರವಾದದ್ದು, ಇದನ್ನು ಕಿಟ್ಟಿನವರು ಯಾರೂ ಹೇಳುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಎರಡನೇ ಗೇರಿಗೆ ಹಾಕಿ ಕಾಲೆತ್ತಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ವಿದ್ಯುತ್ ಗಾಡಿಯಲ್ಲಿ ಆ ಕೆಲಸವನ್ನು ಮೋಟಾರ್ ಮಾಡುತ್ತದೆ, ತಾನೇ ಜನರೇಟರಾಗಿ ತಿರುಗಿ ವಿದ್ಯುತ್ತನ್ನು ಬ್ಯಾಟರಿಗೆ ವಾಪಸು ತಳ್ಳುತ್ತದೆ. ಆದರೆ ಬ್ಯಾಟರಿ ಆಗಲೇ ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ, ಕಂಟ್ರೋಲರ್ ಆ ಹಿಡಿತವನ್ನು ಸಡಿಲಿಸಿಬಿಡುತ್ತದೆ. ನೀವು ಇರುವುದು ಗುಡ್ಡದ ಮೇಲೆ. ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ನೂರಕ್ಕೆ ನೂರು ತುಂಬಿದ ಬ್ಯಾಟರಿಯೊಂದಿಗೆ ಒಂದೂವರೆ ಕಿಲೋಮೀಟರ್ ಇಳಿಜಾರಿನಲ್ಲಿ ಹೊರಟರೆ ಗಾಡಿಯನ್ನು ಹಿಡಿಯುವುದು ಐವತ್ತು ವರ್ಷದ ಡ್ರಮ್ ಬ್ರೇಕ್ ಒಂದೇ. ಕೆಸರಿನಲ್ಲಿ ಅದು ಎಷ್ಟು ಹಿಡಿಯುತ್ತದೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾಡಿಸುವುದೇ ಆದರೆ ಮನೆಯಲ್ಲಿ ಶೇ 85ಕ್ಕೆ ಚಾರ್ಜಿಂಗ್ ನಿಲ್ಲುವಂತೆ ಇಡಿಸಿ, ಮುಂದಿನ ಚಕ್ರಗಳಿಗಾದರೂ ಒಳ್ಳೆಯ ಬ್ರೇಕ್ ಹಾಕಿಸಿ. ಆ ಖರ್ಚು 7.8 ಲಕ್ಷದಲ್ಲಿ ಇಲ್ಲ.

ಚಾರ್ಜಿಂಗಿಗೆ ಪಂಪ್‌ಸೆಟ್ಟಿನ ಲೈನಿನಿಂದ ವೈರ್ ಎಳೆಯುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ, ಬೇರೆ ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಹಾಗೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ನಿನಡಿ ಬರುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆ ಮನೆಯ ವೈರಿಂಗಿಗೆ ಐದು ಗಂಟೆ ಹದಿನೈದು ಆಂಪಿಯರ್ ಹರಿಸುವುದೂ ಬೇಡ.

ಒಂದು ಹೋಲಿಕೆ ಹೇಳಿ ಮುಗಿಸುತ್ತೇನೆ. ಟಾಟಾ ಟಿಯಾಗೊ ವಿದ್ಯುತ್ ಕಾರು 2022ರಲ್ಲಿ 8.49 ಲಕ್ಷಕ್ಕೆ ಮಾರುಕಟ್ಟೆಗೆ ಬಂತು, 19.2 ಯೂನಿಟ್ ಬ್ಯಾಟರಿ, ಎಂಟು ವರ್ಷದ ಬ್ಯಾಟರಿ ವಾರಂಟಿ, ಏರ್‌ಬ್ಯಾಗ್ ಸಹಿತ. ವಿದ್ಯುತ್ ಕಾರು ಬೇಕೆಂದಿದ್ದರೆ ಅದೇ ಹಣಕ್ಕೆ ಅಂಥದೊಂದು ಸಿಗುತ್ತದೆ, ಪದ್ಮಿನಿಯೂ ಶೆಡ್ಡಿನಲ್ಲಿ ಪದ್ಮಿನಿಯಾಗಿಯೇ ಉಳಿಯುತ್ತದೆ.

ಸುಂಟಿಕೊಪ್ಪದಾಕೆ

ಲೆಕ್ಕವನ್ನು ಮೇಷ್ಟ್ರು ಮಾಡಿದ್ದಾರೆ, ನಾನು ಮಾಡಿಸಿ ನೋಡಿದವಳು. ನಮ್ಮಲ್ಲಿ ಎಂಬತ್ತರ ದಶಕದ ಡೀಸೆಲ್ ಜೀಪೊಂದು ಇತ್ತು. ನೋಂದಣಿ ರದ್ದು ಮಾಡಿಸಿ, ತೋಟದ ಗೇಟಿನ ಒಳಗಷ್ಟೇ ಓಡಿಸುವುದೆಂದು ತೀರ್ಮಾನಿಸಿ ಮೂರು ವರ್ಷಗಳ ಹಿಂದೆ 72 ವೋಲ್ಟಿನ ಮೋಟಾರ್, 10 ಯೂನಿಟ್ ಬ್ಯಾಟರಿ ಹಾಕಿಸಿದೆವು. ಹೇಳಿದ್ದು 3.9 ಲಕ್ಷ, ಮುಗಿದಾಗ 4.6 ಲಕ್ಷ. ಹಳೆಯ ಗೇರ್‌ಬಾಕ್ಸಿಗೆ ಮೋಟಾರನ್ನು ಜೋಡಿಸುವ ಉಕ್ಕಿನ ತಟ್ಟೆಯನ್ನು ಲೇತಿನಲ್ಲಿ ಮೂರು ಸಲ ಮಾಡಿಸಬೇಕಾಯಿತು; ಕೂದಲೆಳೆಯಷ್ಟು ಓರೆ ಇದ್ದರೂ ಬೇರಿಂಗ್ ಅರಚುತ್ತದೆ.

ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ಅದರಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಚೀಲ ತುಂಬಿಕೊಂಡು ಕಡಿದಾದ ದಾರಿಯಲ್ಲಿ ನಿಂತಲ್ಲಿಂದ ಹೊರಡುವಾಗ ಕ್ಲಚ್ ಸುಡುವ ವಾಸನೆ ಇಲ್ಲ, ಚಾಲಕ ಹಿಂದೆ ನಿಂತ ಹೆಂಗಸರೊಂದಿಗೆ ಮಾತಾಡುತ್ತಲೇ ಕಣಕ್ಕೆ ತಲುಪುತ್ತಾನೆ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್, ಎಲ್ಲವೂ ಮೊದಲನೇ ಎರಡನೇ ಗೇರಿನ ಓಡಾಟ; ಡೀಸೆಲ್ ಕುಡಿಯುತ್ತಿದ್ದದ್ದನ್ನು ನೆನೆದರೆ ನಮ್ಮ ಲೆಕ್ಕ ಕೂಡಿಬರುತ್ತಿದೆ.

ಕಷ್ಟವನ್ನೂ ಹೇಳಬೇಕು. ಮೊದಲ ಮಳೆಗಾಲದಲ್ಲೇ ಒಂದು ಕನೆಕ್ಟರಿನೊಳಗೆ ನೀರು ಇಳಿದು ಕಂಟ್ರೋಲರ್ ಕೈಕೊಟ್ಟಿತು. ಮುಚ್ಚಳ ತೆಗೆದಾಗ ತಾಮ್ರದ ಹಲ್ಲುಗಳ ಮೇಲೆ ಪಾಚಿಯಂಥ ಹಸಿರು ಪುಡಿ ಕೂತಿತ್ತು. ಬದಲಿಗೆ 38,000 ರೂಪಾಯಿ ಕೊಟ್ಟದ್ದಕ್ಕಿಂತ ಅದು ಬರಲು ಆರು ವಾರ ಕಾದದ್ದು ಹೆಚ್ಚು ನೋಯಿಸಿತು. ಡೀಸೆಲ್ ಎಂಜಿನ್ ಆಗಿದ್ದರೆ ಪೇಟೆಯ ಯಾವ ಮೆಕ್ಯಾನಿಕ್ಕಾದರೂ ಎರಡು ದಿನದಲ್ಲಿ ಎಬ್ಬಿಸುತ್ತಿದ್ದ. ಇಲಿಗಳು ಕಿತ್ತಳೆ ಬಣ್ಣದ ದಪ್ಪ ಕೇಬಲ್ಲನ್ನು ಕಡಿದದ್ದು ಎರಡನೇ ವರ್ಷ. ಕರೆಂಟಿಲ್ಲದ ದಿನಗಳಲ್ಲಿ ಡೀಸೆಲ್ ಜನರೇಟರಿನಿಂದ ಜೀಪಿಗೆ ಚಾರ್ಜ್ ಹಾಕಿ ನಾವೇ ನಕ್ಕದ್ದುಂಟು. ನಾಪೋಕ್ಲಿನವರು 2018ರ ಆಗಸ್ಟನ್ನು ಮರೆತಿರಲಾರರು. ಜೋಡುಪಾಲದ ಕಡೆ ಗುಡ್ಡ ಕುಸಿದು ಘಾಟಿ ರಸ್ತೆ ಮುಚ್ಚಿ, ಹಳ್ಳಿಹಳ್ಳಿಗೆ ಕರೆಂಟು ಹೋಗಿದ್ದ ಆ ದಿನಗಳಲ್ಲಿ ಕ್ಯಾನಿನಲ್ಲಿದ್ದ ಹತ್ತು ಲೀಟರ್ ಇಂಧನ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿತ್ತು.

ಇನ್ನೊಂದು, ಯಾರೂ ಕೇಳದ ವಿಷಯ. ಹಲಸಿನ ಕಾಲದಲ್ಲಿ ಆನೆಗಳು ತೋಟದೊಳಗೇ ಇರುತ್ತವೆ. ಡೀಸೆಲ್ ಜೀಪಿನ ಸದ್ದಿಗೆ ಅವು ದೂರದಲ್ಲೇ ಕಿವಿ ನಿಮಿರಿಸಿ ಸರಿದುಕೊಳ್ಳುತ್ತಿದ್ದವು. ಸದ್ದಿಲ್ಲದ ಗಾಡಿ ಒಂದು ಸಂಜೆ ತಿರುವು ದಾಟಿ ಹೆಣ್ಣಾನೆಯ ಮುಂದೆ ಇಪ್ಪತ್ತು ಅಡಿ ದೂರದಲ್ಲಿ ಹೋಗಿ ನಿಂತಿತು. ರಿವರ್ಸ್ ಬೇಗ ಬರುತ್ತದೆ ಎಂಬುದೂ ವಿದ್ಯುತ್ ಗಾಡಿಯ ಒಂದು ಗುಣವೆಂದು ಆ ದಿನ ತಿಳಿಯಿತು.

ಅಣ್ಣಾ, ನಿಮ್ಮ ಓಡಾಟಕ್ಕೆ ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ. ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ಕಾವೇರಿ ಉಕ್ಕಿ ರಸ್ತೆಯ ಮೇಲೆ ಬಂದಾಗ ಬ್ಯಾಟರಿ ಪೆಟ್ಟಿಗೆಯನ್ನು ಎಲ್ಲಿ ಕೂರಿಸಿದ್ದಾರೆಂದು ಯೋಚಿಸುತ್ತಾ ನಿಲ್ಲುವ ಹಾಗಾಗುತ್ತದೆ.

ಗ್ಯಾರೇಜಿನವ, ವಿರಾಜಪೇಟೆ

ಎಲ್ಲರೂ ಮೋಟಾರ್, ಬ್ಯಾಟರಿ ಎಂದು ಮಾತಾಡುತ್ತಿದ್ದಾರೆ, ರೋಗ ಯಾವುದೆಂದು ಯಾರೂ ಕೇಳಲಿಲ್ಲ. ನಿಮ್ಮ ಎಂಜಿನ್ ಕೆಟ್ಟಿಲ್ಲ, ಅದಕ್ಕೆ ಕುಡಿಸುವ ಪೆಟ್ರೋಲ್ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನೀವು ಹೇಳಿದ ‘ನೆನೆದ ಅಪ್ಪಳ’ ಅದೇ. ಅದು ಗಾಳಿಯ ತೇವವನ್ನೂ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಎರಡು ತಿಂಗಳು ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ, ಆ ತುಕ್ಕು ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮುವ ಸಣ್ಣ ತೂತಾದ ಜೆಟ್ಟಿಗೆ ಬಂದು ಕೂರುತ್ತದೆ.

ಮಾಡಬೇಕಾದದ್ದು ಇಷ್ಟು. ಟ್ಯಾಂಕ್ ಇಳಿಸಿ ಒಳಗೆ ಸ್ವಚ್ಛ ಮಾಡಿ ಲೇಪನ ಹಾಕಿಸಬೇಕು. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ಪ್ರತಿ ರಬ್ಬರ್ ಪೈಪನ್ನೂ ಎಥೆನಾಲ್ ತಡೆಯುವ ವಿಟಾನ್ ಪೈಪಿಗೆ ಬದಲಿಸಬೇಕು, ಪಂಪಿನ ಡಯಾಫ್ರಾಮನ್ನೂ ಅಂಥದಕ್ಕೇ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಹಾಗಾಗಿ ಮುಖ್ಯ ಜೆಟ್ ಒಂದು ಮೆಟ್ಟಿಲು ದೊಡ್ಡದು ಬೇಕು. ಇಲ್ಲದಿದ್ದರೆ ಘಾಟಿಯಲ್ಲಿ ಎಂಜಿನ್ ಬಿಸಿಯಾಗುತ್ತದೆ. ಗಾಡಿಯನ್ನು ಬಹುದಿನ ನಿಲ್ಲಿಸಿಡುವ ಮುನ್ನ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವುದನ್ನು ತಡೆದು, ಅದು ಒಣಗುವವರೆಗೆ ಎಂಜಿನ್ ಓಡಿಸಿ. ಈ ಎಲ್ಲಕ್ಕೂ ಸಾಮಾನು, ಕೂಲಿ ಸೇರಿ ನನ್ನಲ್ಲಿ ಇಪ್ಪತ್ತೈದರಿಂದ ಮೂವತ್ತು ಸಾವಿರ. ಮೈಲೇಜು ಸ್ವಲ್ಪ ಇಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

2000ದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದಾಗಲೂ ಇನ್ನು ಪದ್ಮಿನಿಯಂಥ ಈ ಫಿಯಟ್‌ಗಳ ಕಥೆ ಮುಗಿಯಿತು ಎಂದು ನಮ್ಮಪ್ಪನ ಗ್ಯಾರೇಜಿನ ಮುಂದೆ ಜನ ಗುಂಪುಗೂಡಿ ಮಾತಾಡುತ್ತಿದ್ದರು.

ಬೆಂಗಳೂರಿನ ಮಗ

ಅಪ್ಪಾ, ಈ ಚರ್ಚೆಯ ಕೊಂಡಿಯನ್ನು ನೀವೇ ಕಳಿಸಿದ್ದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇನೆ. ಹಿರಿಯರೆಲ್ಲರ ಮಾತನ್ನು ಗೌರವಿಸುತ್ತೇನೆ. ನಾಲ್ಕು ಲಕ್ಷದವರ ವಿಷಯದಲ್ಲಿ ನಾನು ತಪ್ಪಿದ್ದೆ, ಒಪ್ಪುತ್ತೇನೆ. ಮೊದಲನೆಯವರಿಗೆ ಇಂದು ಫೋನ್ ಮಾಡಿ ಪದ್ಮಿನಿಯ ಹೆಸರಿರುವ ಪ್ರಮಾಣಪತ್ರ ಕೇಳಿದೆ, ‘ಪ್ರೋಸೆಸ್‌ನಲ್ಲಿದೆ’ ಎಂದರು.

ಆದರೂ ಒಂದು ಮಾತು. ಮೂವತ್ತು ವರ್ಷದ ಲೆಕ್ಕ ನೋಡಿ ಅಜ್ಜ ಈ ಕಾರು ಕೊಂಡಿರಲಿಲ್ಲ. ಅಮ್ಮ ಮತ್ತೆ ಅದರಲ್ಲಿ ಕೂತು ಮಡಿಕೇರಿಗೆ ಹೋಗಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಆಸ್ಟನ್ ಮಾರ್ಟಿನ್ ಕಂಪನಿ 2018ರಲ್ಲಿ ತನ್ನ ಹಳೆಯ ಡಿಬಿ6 ಕಾರಿಗೆ ಎಂಜಿನ್ನಿನ ಮೂಲ ಬೋಲ್ಟುಗಳ ಮೇಲೆಯೇ ಕೂರುವ ವಿದ್ಯುತ್ ಪೆಟ್ಟಿಗೆಯನ್ನು ಮಾಡಿ ತೋರಿಸಿತು, ಬೇಡವಾದಾಗ ಅದನ್ನು ಇಳಿಸಿ ಹಳೆಯ ಎಂಜಿನ್ ಮರಳಿ ಕೂರಿಸಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಇಂಥ ಬದಲಾವಣೆಯನ್ನು ಒಪ್ಪದಿದ್ದರೂ, ಮಾಡುವುದೇ ಆದರೆ ಹಿಂದಿರುಗಿಸಲು ಬರುವಂತಿರಲಿ, ತೆಗೆದ ಭಾಗಗಳನ್ನೆಲ್ಲ ಜೋಪಾನವಾಗಿಡಿ ಎನ್ನುತ್ತದೆ. ಒಪ್ಪಿಗೆ ಪಡೆದ ಅಂಥ ಕಿಟ್ ಪದ್ಮಿನಿಗೆ ಬರುವ ದಿನ ನಾನು ಮತ್ತೆ ಕೇಳುತ್ತೇನೆ. ಚಾಸಿಗೆ ಒಂದು ತೂತು ಕೊರೆಯಲೂ ಬಿಡುವುದಿಲ್ಲ.

ನಾಪೋಕ್ಲು ತೋಟದವ

ಎಲ್ಲರಿಗೂ ಕೃತಜ್ಞತೆಗಳು. ತುಂಬಿದ ಬ್ಯಾಟರಿಯೊಂದಿಗೆ ಇಳಿಜಾರಿನಲ್ಲಿ ಹೊರಡುವ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅದನ್ನು ಓದಿದ ಮೇಲೆ ಶೆಡ್ಡಿಗೆ ಹೋಗಿ ಬ್ರೇಕ್ ಪೆಡಲ್ ಒತ್ತಿ ನೋಡಿದೆ, ಎರಡು ಸಲ ಒತ್ತಿದರೆ ಮಾತ್ರ ಹಿಡಿಯುತ್ತಿದೆ. ಹಾಗಾಗಿ ವಿರಾಜಪೇಟೆಯವರೇ, ಪೈಪು, ಪಂಪು, ಟ್ಯಾಂಕಿನ ಜೊತೆಗೆ ನಾಲ್ಕೂ ಚಕ್ರಗಳ ಬ್ರೇಕ್ ಸಿಲಿಂಡರುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗುರುವಾರ ಬೆಳಿಗ್ಗೆ ಗಾಡಿ ತರುತ್ತೇನೆ. ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿದೆ, ಅದಕ್ಕೆ ಬುಧವಾರದೊಳಗೆ ಬೇರೆ ಜಾಗ ನೋಡಬೇಕು.

ಮಗನಿಗೆ: ಕೈಲ್ ಪೊಳ್ದ್ ಹಬ್ಬಕ್ಕೆ ಬಂದಾಗ ನಿನ್ನ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೀನೇ ಓಡಿಸು. ವಾಸನೆ ಇದೆಯೋ ಇಲ್ಲವೋ ಅವಳೇ ಹೇಳಲಿ.